ಧರ್ಮಾಸ್ಪತ್ರೆಯ ತಪ್ಪು

“ನೀರು ನೋಡದೆ ನಾನೇ ಮಗುವನ್ನ ಸುಟ್ಟೆ ಅಂತ ಕೋರ್ಟಲ್ಲಿ ಹೇಳೋಕೆ ಏನು ಧಾಡಿ ನಿನಗೆ?” ಅತ್ತೆ ದೊಡ್ಡ ಸೊಸೆಯ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡು, ಊಟವನ್ನು ಅವಳ ಕಣ್ಣೆದುರೇ ಕಸದ ಬುಟ್ಟಿಗೆ ಸುರಿದರು. ಪಕ್ಕದಲ್ಲೇ ಕೂತಿದ್ದ ಗಂಡ ಮಹಾಶಯ ತನ್ನ ತಟ್ಟೆ ಖಾಲಿಯಾಗುವವರೆಗೂ ತಲೆಯೇ ಎತ್ತಲಿಲ್ಲ!

ಧರ್ಮಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಈ ಸೊಸೆಯನ್ನು ಮನೆಮಂದಿಯೆಲ್ಲ ಕರೆಯುತ್ತಿದ್ದುದು ನರ್ಸಮ್ಮ ಎಂದೇ. ಮೈದುನನ ಮಗಳು ಪುಟ್ಟಿ ಕಾಲು ಮುರಿದುಕೊಂಡಾಗ, ಬಿಟ್ಟಿ ಚಿಕಿತ್ಸೆಯೆಂದು ಅಲ್ಲಿಗೇ ಸೇರಿಸಿದವರು ಇದೇ ಅತ್ತೆ. ಮೂಳೆ ಕೂಡಿದ ಮೇಲೆ ಕಾಲನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಡಿಸುವಾಗ ನರ್ಸಮ್ಮ ಮೊದಲು ತನ್ನ ಮೊಣಕೈ ಅದ್ದಿ ನೋಡಿದ್ದಳು. ನೀರು ಹದವಾಗಿಯೇ ಇತ್ತು. ಆಮೇಲೆ ಕೆಟ್ಟ ಬಾಯ್ಲರ್‌ನಿಂದ ಕುದಿಯುವ ನೀರು ತೆರೆದಿದ್ದ ನಲ್ಲಿಯಿಂದ ಒಮ್ಮೆಗೇ ತೊಟ್ಟಿಗೆ ನುಗ್ಗಿತು... ಅಯ್ಯೋ, ಆ ಚೀತ್ಕಾರ! ಬಾಯ್ಲರ್ ಸರಿಮಾಡಿಸಿ ಎಂದು ಅವಳು ಬಡಕೊಂಡಿದ್ದಳು, ಆಡಳಿತದವರು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಪುಟ್ಟಿ ನಡೆಯಬೇಕಾದರೆ ದೊಡ್ಡ ಶಸ್ತ್ರಚಿಕಿತ್ಸೆಯಾಗಬೇಕು. ಮನೆಮಠ ಮಾರಿದರೂ ಆ ಖರ್ಚು ಹುಟ್ಟುವಂತಿರಲಿಲ್ಲ.

ವಕೀಲರು ಕೈಚೆಲ್ಲಿದ್ದರು. “ಧರ್ಮಸಂಸ್ಥೆ ಮೇಲೆ ಪರಿಹಾರದ ದಾವೆ ನಿಲ್ಲಲ್ಲಮ್ಮ, ಕಾನೂನೇ ಅದಕ್ಕೆ ರಕ್ಷಣೆ ಕೊಟ್ಟಿದೆ. ಬಾಯ್ಲರ್ ತಪ್ಪು ಅಂದ್ರೆ ನಿಮಗೆ ಬಿಡಿಗಾಸೂ ಸಿಗಲ್ಲ. ನರ್ಸ್ ತಪ್ಪು ಅಂತಾದ್ರೆ ಮಾತ್ರ ನರ್ಸ್ ಹೆಸರಲ್ಲಿರೋ ವಿಮೆಯವರು ಕೊಡ್ಬೇಕಾಗತ್ತೆ.” ಅತ್ತೆಗೆ ಅಷ್ಟು ಸಿಕ್ಕಿದ್ದೇ ಸಾಕಾಗಿತ್ತು.

“ಹಾಗೆ ಸುಳ್ಳು ಹೇಳಿದ್ರೆ ಇನ್ಯಾವ ಆಸ್ಪತ್ರೆನೂ ನನ್ನ ಸೇರಿಸ್ಕೊಳ್ಳಲ್ಲ ಅತ್ತೆ...”

“ಬೇಡ ಬಿಡು! ಹೆತ್ತಿದ್ರೆ ತಾನೇ ನಿನಗೆ ಕರುಳಿನ ಸಂಕಟ ಗೊತ್ತಾಗೋದು!”

ಹೆತ್ತಿರಲಿಲ್ಲ, ನಿಜ. ಆದರೆ ಪುಟ್ಟಿ ತಾಯಿಗಿಂತ ಹೆಚ್ಚು ಹಚ್ಚಿಕೊಂಡಿದ್ದು ಈ ದೊಡ್ಡಮ್ಮನನ್ನೇ! ನರ್ಸಮ್ಮ ರಾತ್ರಿಯೆಲ್ಲ ಅತ್ತಳು, ಬೆಳಗ್ಗೆ ಕಣ್ಣೊರೆಸಿಕೊಂಡು ಒಪ್ಪಿದಳು.

“ನೀರು ಪರೀಕ್ಷೆ ಮಾಡಿದ್ರಾ?” ನ್ಯಾಯಾಧೀಶರು ಕೇಳಿದರು.

“ಇಲ್ಲ... ಮರೆತುಬಿಟ್ಟೆ.”

“ಸುಳ್ಳು!” ಗಾಲಿಕುರ್ಚಿಯಲ್ಲಿದ್ದ ಪುಟ್ಟಿ ಕೂಗಿತು. “ದೊಡ್ಡಮ್ಮ ಕೈ ಇಟ್ಟು ನೋಡಿದ್ಲು! ನಾನೇ ನೋಡಿದೀನಿ!”

ಅತ್ತೆಯ ಮುಖ ಕಪ್ಪಿಟ್ಟಿತು. ನ್ಯಾಯಾಧೀಶರು ನರ್ಸಮ್ಮನ ಕಡೆ ತಿರುಗಿದರು. ಹೌದು ಎಂದರೆ ಅವಳ ಮಾನ ಉಳಿಯುತ್ತಿತ್ತು, ಮಗುವಿನ ಕಾಲು ಹೋಗುತ್ತಿತ್ತು.

“ಮಗುವಿಗೆ ನಾನಂದ್ರೆ ಪ್ರಾಣ ಸ್ವಾಮಿ,” ಎಂದಳು, ಪುಟ್ಟಿಯತ್ತ ನೋಡದೆ. “ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದೆ. ಅವಳನ್ನ ಸುಟ್ಟಿದ್ದು ನಾನೇ...”

ಪುಟ್ಟಿ ಬಾಯಿ ತೆರೆದುಕೊಂಡೇ ಅವಳನ್ನು ನೋಡುತ್ತ ಉಳಿಯಿತು.

ಹಣ ಬಂತು. ನರ್ಸಮ್ಮನ ನೋಂದಣಿ ರದ್ದಾಯಿತು. ಬೇಜವಾಬ್ದಾರಿ ನರ್ಸನ್ನು ತೆಗೆದುಹಾಕಿದ್ದೇವೆಂದು ಆ ಪುಣ್ಯಾತ್ಮರ ಆಸ್ಪತ್ರೆ ಪ್ರಕಟಣೆಯನ್ನೂ ಹೊರಡಿಸಿತು. ಆಗಲಿ, ಮಗು ನಡೆದರೆ ಸಾಕು ಎಂದು ಅವಳು ಎಲ್ಲವನ್ನೂ ನುಂಗಿಕೊಂಡಳು.

ಕೊನೆಗೆ ಪುಟ್ಟಿ ಅಜ್ಜಿಯ ಕೈ ಹಿಡಿದು, ತನ್ನ ಕಾಲ ಮೇಲೆಯೇ ಮನೆಗೆ ಬಂತು. ನರ್ಸಮ್ಮ ಓಡಿಬಂದು ತೋಳು ಚಾಚಿದಳು. ಮಗು ಕಿರುಚಿ ಅಜ್ಜಿಯ ಬೆನ್ನ ಹಿಂದೆ ಅಡಗಿತು.

“ಮುಟ್ಟಬೇಡ! ನೀನು ಸುಟ್ಟುಬಿಡ್ತೀಯ! ಅವತ್ತು ನೀನೇ ಹೇಳಿದ್ಯಲ್ಲ!”

“ಕೇಳಿಸ್ತಾ?” ಎಲ್ಲ ಬಲ್ಲ ಅತ್ತೆ ನಕ್ಕರು. “ಇನ್ಮೇಲೆ ಮಗು ಹತ್ರ ಸುಳೀಬೇಡ.”

ನರ್ಸಮ್ಮನ ಗಂಟಲವರೆಗೂ ನಿಜ ಬಂತು... ಅಲ್ಲೇ ನಿಂತಿತು. ಹಣ ಕೊಟ್ಟ ವಿಮೆಯವರ ಕಿವಿಗೆ ಬಿದ್ದರೆ?

“ಇಲ್ಲ ಕಂದ... ಮುಟ್ಟಲ್ಲ,” ಎಂದು ಗೋಡೆಗೆ ಸರಿದು ದಾರಿ ಬಿಟ್ಟಳು. ಪುಟ್ಟಿ ಅವಳನ್ನು ದಾಟಿಕೊಂಡು ಒಳಗೆ ನಡೆದುಹೋಯಿತು.