ಗಾಜಿನ ಒಳಬದಿ

"ಹೋಗಿ ಹೋಗಿ ದೋಣಿ ರಿಪೇರಿ ಮಾಡೋನ್ನ ಕರ್ಕೊಂಡು ಬಂದೆನಲ್ಲ, ನನ್ನ ಬುದ್ಧಿಗಿಷ್ಟು!"

ಜಂದೀರಾ ತನ್ನ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರಲ್ಲಿ ನಿಂತಿದ್ದಳು. ಹನ್ನೆರಡು ಅಡಿಯ ಪ್ಲೈವುಡ್ ಮೀನುತೊಟ್ಟಿ ಮೂಲೆಮೂಲೆಯಿಂದ ಸೋರುತ್ತಿತ್ತು. ಮುಂದಿನ ಗಾಜು ಉಬ್ಬುಹಲ್ಲಿನಂತೆ ಚೌಕಟ್ಟು ಬಿಟ್ಟು ಎದ್ದಿತ್ತು. ಪಕ್ಕದಲ್ಲಿ ಅದೆಮಾರ್, ತೋಯ್ದ ಕೋಳಿಯಂತೆ.

"ಹದಿನೆಂಟು ವರ್ಷದಲ್ಲಿ ನಾನು ಸಂದು ಮುಚ್ಚಿದ ಒಂದು ದೋಣೀನೂ ಸೋರಿಲ್ಲ" ಅಂದ, ನೆಲ ನೋಡುತ್ತ.

"ದೋಣಿಗೆ ನೀರು ಹೊರಗಿರುತ್ತೆ ಮಾರಾಯ! ಇದಕ್ಕೆ ಒಳಗೆ!"

ಅವನು ತೊಟ್ಟಿಯನ್ನು ನೋಡಿದ. ತನ್ನ ಕೈ ನೋಡಿಕೊಂಡ. ಸಂದು ಮುಚ್ಚುವ ರೆಸಿನ್ ಅಂಟು ಬಳಿದದ್ದು ಹೊರಗೆ, ಗಾಜು ಅಂಟಿಸಿದ್ದೂ ಹೊರಗಿನಿಂದ. ಬರ್ಸೆಲೋಸ್ ಊರಿನ ದೋಣಿಗಾರರು ಅಜ್ಜಂದಿರ ಕಾಲದಿಂದ ನದಿಯನ್ನು ಹೊರಗಿಡುವುದನ್ನೇ ಕಲಿತವರು.

ಜಂದೀರಾಗೆ ನಗು ಬಂತು. ಆದರೆ ನಗುವ ಹೊತ್ತಲ್ಲ ಅದು. ರಿಯೊ ನೆಗ್ರೊ ನದಿ ಇಳಿಯುತ್ತಿತ್ತು. ಅವಳು ಹಿಡಿದ ಇನ್ನೂರು ಡಿಸ್ಕಸ್ ಎಂಬ ಅಲಂಕಾರದ ಮೀನು ಹಳ್ಳದ ಬಲೆಗೂಡುಗಳಲ್ಲಿದ್ದವು. ಇನ್ನೊಂದು ವಾರಕ್ಕೆ ಅಲ್ಲಿ ಬರೀ ಕೆಸರು. ವ್ಯಾಪಾರಿ ಸೆವೆರೀನೊನ ದೋಣಿ ಹತ್ತಿದ ಮೀನು ಅರ್ಧಕ್ಕರ್ಧ ದಾರಿಯಲ್ಲೇ ಸಾಯುತ್ತಿದ್ದವು, ನಷ್ಟ ಮಾತ್ರ ಹಿಡಿದವರ ತಲೆಗೆ. ಈ ಸಲ ಕೊಡುವುದಿಲ್ಲ ಅಂದಿದ್ದಳು. "ಕೆಸರು ಬರ್ಲಿ, ನೀನೇ ಹುಡುಕ್ಕೊಂಡು ಬರ್ತೀಯ" ಎಂದು ಅವನು ನಕ್ಕಿದ್ದ. ಆ ನಗು ಈ ಊರಿನ ಎಷ್ಟು ಬೆನ್ನುಗಳನ್ನು ಬಗ್ಗಿಸಿಲ್ಲ! ಬೆಸ್ತರ ಸಂಘದ ದೋಣಿ ಬರಲು ಇನ್ನೂ ಇಪ್ಪತ್ತು ದಿನವಿತ್ತು. ಅಲ್ಲಿಯವರೆಗೆ ಮೀನು ಬದುಕಬೇಕು, ಅಷ್ಟೇ.

"ಒಳಗಿಂದ ಮತ್ತೆ ಮಾಡ್ತೀನಿ" ಅಂದ ಅದೆಮಾರ್.

ಎರಡು ದಿನ ಅವನು ತೊಟ್ಟಿಯೊಳಗೇ ಉಜ್ಜಿದ, ಬಳಿದ. ಅವಳು ಮೇಲಿನಿಂದ ಹುರಿದ ಮೀನು, ಮರಗೆಣಸಿನ ಹಿಟ್ಟು ಇಳಿಸಿದಳು. ತಟ್ಟೆ ಇಸಿದುಕೊಳ್ಳುವಾಗ ಬೆರಳಿಗೆ ಬೆರಳು ತಾಗದಂತೆ ಅವನು ವಹಿಸುತ್ತಿದ್ದ ಎಚ್ಚರವೇ ಅವನನ್ನು ಹಿಡಿದುಕೊಟ್ಟಿತು. ಮೂರು ವರ್ಷದಲ್ಲಿ ಅವಳ ದೋಣಿಯನ್ನು ಏಳು ಸಲ ರಿಪೇರಿ ಮಾಡಿದ್ದ. ಅದು ಸೋರಿದ್ದು ಒಂದೇ ಸಲ.

ಮೂರನೆಯ ದಿನ ಗಾಜು. ಒಳಗಿನಿಂದ ಅದನ್ನು ಚೌಕಟ್ಟಿಗೆ ಒತ್ತಿ, ಎರಡೂ ಅಂಗೈ ಊರಿ ನಿಂತ. ಸಿಲಿಕೋನ್ ಅಂಟು ಹಿಡಿಯುವ ತನಕ ಕದಲುವಂತಿಲ್ಲ. ಹೊರಗೆ ಅವಳು ಒಸರಿದ ಅಂಟನ್ನು ಒರೆಸತೊಡಗಿದಳು. ಅವನ ಮುಖ ಗೇಣು ದೂರದಲ್ಲಿ, ರೆಪ್ಪೆಯ ಮೇಲೆ ಮರದ ಪುಡಿ. ಅವಳು ಕಣ್ಣೆತ್ತಿದರೆ ಅವನು ಇಳಿಸುತ್ತಿದ್ದ. ಅವಳು ಇಳಿಸಿದರೆ ಎತ್ತುತ್ತಿದ್ದ.

"ಈಗ ಕೈ ಬಿಟ್ರೆ?"

"ಗಾಜು ಬೀಳುತ್ತೆ."

"ಅಂದ್ರೆ ಓಡಿಹೋಗೋ ಹಾಗಿಲ್ಲ. ಸರಿ, ಹೇಳು."

"ಏನ್ ಹೇಳ್ಲಿ?"

"ಮೂರು ವರ್ಷದಿಂದ ನನ್ನ ದೋಣಿ ತಳಕ್ಕೆ ಹೇಳ್ತಿದ್ದೀಯಲ್ಲ, ಅದನ್ನ."

ಅವನ ಕಿವಿ ಕೆಂಪಾದವು. ಬೆವರು ಮೂಗಿಗಿಳಿಯಿತು, ಒರೆಸಲು ಕೈ ಖಾಲಿಯಿಲ್ಲ.

"ನೀನು ಹಳ್ಳಕ್ಕೆ ಹೋದ ದಿನ ದಂಡೇಲೇ ಕೆಲಸ ಇಟ್ಕೋತೀನಿ. ಕೆಲಸ ಇಲ್ದಿದ್ರೂ. ತಿರುವಿನಲ್ಲಿ ನಿನ್ನ ದೋಣಿ ಕಂಡ ಮೇಲೇ ನಂಗೆ ಹಸಿವಾಗೋದು."

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು. ಅವನ ಅಂಗೈ ಇದ್ದಲ್ಲೇ ತನ್ನ ಅಂಗೈಯನ್ನು ಗಾಜಿಗೆ ಒತ್ತಿದಳು.

"ಒತ್ತಬೇಡ!" ಅವನು ಗಾಬರಿಯಾದ. "ಅಂಟು ಇನ್ನೂ ಹಸಿ!"

"ದಡ್ಡ" ಎಂದಳು ಮೆಲ್ಲಗೆ. ಒತ್ತು ಬಿಟ್ಟಳು, ಕೈ ತೆಗೆಯಲಿಲ್ಲ.

ಮೂರು ದಿನ ಒಣಗಿಸಿ, ಚಹಾ ಡಿಕಾಕ್ಷನ್ ಬಣ್ಣದ ನದಿನೀರು ತುಂಬಿದರು. ನೀರಿನ ಭಾರವೇ ಗಾಜನ್ನು ಚೌಕಟ್ಟಿಗೆ ಅಪ್ಪಿಸಿತು. ಒಂದು ಹನಿಯೂ ಹೊರಬರಲಿಲ್ಲ. ಮೀನು ಬಿಟ್ಟಾಗ ಇಳಿಬಿಸಿಲು ಅಡ್ಡ ಬಿದ್ದಿತ್ತು. ಇಪ್ಪತ್ತು ವರ್ಷ ಮೀನು ಹಿಡಿದವಳು ಅವನ್ನು ಮೇಲಿನಿಂದಷ್ಟೇ ಕಂಡಿದ್ದಳು: ಓಡುವ ಕಪ್ಪು ಗೆರೆಗಳು. ಈಗ ಪಕ್ಕದಿಂದ ತಟ್ಟೆಯಗಲ ಮೈ, ಉರಿಯುವ ನೀಲಿ ಪಟ್ಟೆ.

"ಇಷ್ಟು ಚಂದಾನ ನಮಗೇ ತೋರಿಸ್ದೆ ಹೊತ್ಕೊಂಡು ಹೋಗ್ತಿದ್ರಲ್ಲೋ, ಕಳ್ಳರು!"

ಬೇಲಿಯಾಚೆ ಸೆವೆರೀನೊ ಬಂದು ನಿಂತ. "ಏನಮ್ಮ, ಕೆಸರು ಬಂತಾ?"

"ಬಂತು. ಮೀನು ಬರಲ್ಲ, ನೀನು ನಡಿ."

ಅವನು ತೊಟ್ಟಿಯನ್ನು ದಿಟ್ಟಿಸಿ, ಉಗುಳಿ, ಹೋದ.

"ಇನ್ನೆರಡು ವಾರ ಮೀನಿಗೆ ಕಾವಲು ಬೇಕು" ಎಂದಳು ಜಂದೀರಾ, ತೊಟ್ಟಿಯಿಂದ ಕಣ್ಣು ಕೀಳದೆ. "ನಿನ್ನ ಮಲಗೋ ಜೋಲಿ ತಂದು ನನ್ನ ತೊಲೆಗೆ ಕಟ್ಟು."

ಆ ಊರಲ್ಲಿ ಗಂಡಸಿನ ಜೋಲಿ ಯಾರ ತೊಲೆಗೆ ತೂಗುತ್ತದೋ ಅವನು ಆ ಮನೆಯವನು. ಮದುವೆಯ ಕಾಗದ ಯಾರೂ ಕೇಳುವುದಿಲ್ಲ. ಅದೆಮಾರ್ ಒಮ್ಮೆ ತೊಲೆಯನ್ನು ನೋಡಿದ, ಒಮ್ಮೆ ಅವಳನ್ನು.

"ಎರಡು ವಾರ ಆದ್ಮೇಲೆ?"

"ಬಿಚ್ಚಿ ನೋಡು, ಹೇಳ್ತೀನಿ!"

ಅವನು ಚಪ್ಪಲಿಯನ್ನೂ ಮೆಟ್ಟದೆ, ಜೋಲಿ ತರಲು ತನ್ನ ಮನೆಯತ್ತ ಓಡಿದ.