ನಾಲ್ಕನೇ ಸಾಲಿನ ಮೇಣದ ಗುರುತು

ಸೋಮವಾರ ಬೆಳಿಗ್ಗೆ ಹಾರ್ಲನ್ ಫ್ಲಾಟಿನ ಷೆರಿಫ್ ಠಾಣೆಗೆ ನಾಡೀನ್ ಸ್ವಿಕ್ ಬಂದಳು. ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಅಭ್ಯಾಸ ಪಂದ್ಯಗಳನ್ನು ನಡೆಸುವವಳು ಅವಳೇ. ಕ್ಲಬ್ಬಿನ ಗಾಜಿನ ಕಪಾಟಿನಲ್ಲಿದ್ದ ವರ್ಲಿನ್ ಕೋಲ್‌ಸ್ಟಡ್‌ನ ರಿವಾಲ್ವರ್ ಕಳುವಾಗಿ ಮೂರು ವಾರವಾಗಿತ್ತು. ವರ್ಲಿನ್ ಕಳೆದ ವರ್ಷವೇ ತೀರಿಕೊಂಡಿದ್ದ.

"ಮೂರು ವಾರ ಏನ್ ಮಾಡ್ತಿದ್ದೆ ನೀನು?" ಸಾರ್ಜೆಂಟ್ ಟೆಸ್ ರೂಡ್ ಕೇಳಿದಳು.

"ಯಾರೋ ತಮಾಷೆಗೆ ಎತ್ತಿದ್ದಾರೆ, ತಂದಿಡ್ತಾರೆ ಅಂದ್ಕೊಂಡೆ."

"ಈಗ?"

ನಾಡೀನ್ ದನಿ ತಗ್ಗಿಸಿದಳು. "ಈಗ ಅವನು ಗುಂಡು ಹೊಡೀತಿದ್ದಾನೆ, ಟೆಸ್."

"ಯಾರು?"

"ವರ್ಲಿನ್."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಡೆಪ್ಯುಟಿ ಕ್ಲೀಟ್ ಬಾರ್ಲೋಗೆ ನೆತ್ತಿ ಹತ್ತಿತು.

ನಾಡೀನ್ ಬಿಡಿಸಿ ಹೇಳಿದಳು. ಪ್ರತಿ ಶನಿವಾರ ಯಾರ ಎದುರು ಯಾರು, ಯಾವ ಸಾಲಿನಲ್ಲಿ ಎಂದು ಅವಳೇ ಜೋಡಿ ಹಾಕುತ್ತಾಳೆ. ಸೊಂಟದಲ್ಲಿ ರಿವಾಲ್ವರ್ ಕಟ್ಟಿಕೊಂಡು ಎಲ್ಲರೂ ಗೆರೆಯ ಮೇಲೆ ನಿಲ್ಲುತ್ತಾರೆ. ಎದುರಿನ ಕಬ್ಬಿಣದ ತಟ್ಟೆಯ ನಡುವೆ ದೀಪ ಹತ್ತಿದ ಕೂಡಲೇ ಸೆಳೆದು ಹೊಡೆಯಬೇಕು. ಗುಂಡು ಮೇಣದ್ದು, ತಟ್ಟೆಗೆ ಬಡಿದರೆ ಗಡಿಯಾರ ನಿಲ್ಲುತ್ತದೆ, ಮೊದಲು ನಿಲ್ಲಿಸಿದವರು ಗೆದ್ದಂತೆ. ಪಂದ್ಯ ಮುಗಿದ ಮೇಲೆ ತಟ್ಟೆಗಳಿಗೆ ಸುಣ್ಣ ಬಳಿದೇ ಮನೆಗೆ ಹೋಗುವುದು. ವರ್ಲಿನ್ ಹೃದಯ ನಿಂತು ಬಿದ್ದದ್ದು ನಾಲ್ಕನೇ ಸಾಲಿನಲ್ಲಿ. ಅಂದಿನಿಂದ ಆ ಸಾಲನ್ನು ಯಾರಿಗೂ ಕೊಟ್ಟಿಲ್ಲ. ಆದರೆ ರಿವಾಲ್ವರ್ ಹೋದ ಮೇಲೆ, ಪ್ರತಿ ಶನಿವಾರ ಅವಳು ಬಂದು ನೋಡುವಷ್ಟರಲ್ಲಿ ನಾಲ್ಕನೇ ತಟ್ಟೆಯ ಸುಣ್ಣದ ಮೇಲೆ ಹೊಸ ಮೇಣದ ಗುರುತು ಇರುತ್ತದೆ.

"ದೆವ್ವಕ್ಕೆ ಮೇಣದ ಗುಂಡು ಯಾರು ಮಾರಿದ್ರಂತೆ?" ಎಂದ ಕ್ಲೀಟ್. ಯಾರೂ ನಗಲಿಲ್ಲ. ಅವನು ಸುಮ್ಮನೆ ಎಫ್‌ಐಆರ್ ಬರೆದು, ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ನಮೂದಿಸಿದ.

ಮಧ್ಯಾಹ್ನ ಸ್ಥಳ ಪಂಚನಾಮೆ ಆಯಿತು. ಸುತ್ತ ಒಣಹುಲ್ಲಿನ ಬಯಲು, ಬಿಡದ ಗಾಳಿ. ಕ್ಲಬ್ಬಿನ ಬೀಗ ಮುರಿದಿರಲಿಲ್ಲ, ಮುರಿಯುವ ಅಗತ್ಯವೂ ಇರಲಿಲ್ಲ. ಬೀಗದ ಕೈ ಸೂರಿನ ಕೆಳಗೆ ನೇತಾಡುತ್ತಿದ್ದುದು ಸದಸ್ಯರಿಗೆಲ್ಲ ಗೊತ್ತು. ನಾಡೀನ್ ಈ ಸಲ ಸುಣ್ಣ ಬಳಿಯದೆ ಬಿಟ್ಟಿದ್ದ ನಾಲ್ಕನೇ ತಟ್ಟೆಯ ಗುರುತು ದೀಪದ ಅಂಚಿಗೇ ಇತ್ತು. ಪಳಗಿದ ಕೈ ಎಂದು ಟೆಸ್ ಬರೆಸಿದಳು. ಹಾಗೆ ಬರೆಸುವಾಗ ಅವಳಿಗೂ ಬೆನ್ನಹುರಿ ಜುಮ್ಮೆಂದಿತು, ಸುಳ್ಳೇಕೆ.

ಆ ಸಾಲಿನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ವರ್ಲಿನ್‌ನ ಹೆಂಡತಿ ಆರ್ಡಿತ್ ಕೂತಿದ್ದಳು. ಕಾಲ ಬಳಿ ಫ್ಲಾಸ್ಕು, ಎರಡು ಲೋಟ. ಒಂದರಲ್ಲಿ ಕಾಫಿ ಆರಿ ಕೆನೆಗಟ್ಟಿತ್ತು.

"ಹಿಡೀಬೇಡಿ, ಸಾರ್ಜೆಂಟ್," ಎಂದಳು.

"ಯಾರನ್ನ, ಅಮ್ಮ?"

"ಯಾರೇ ಆಗ್ಲಿ. ಅವತ್ತು ಇಲ್ಲಿ ಅಷ್ಟು ಜನ ಇದ್ರು. ನಮ್ಮ ಯಜಮಾನ್ರು ಬೀಳೋದನ್ನ ಒಬ್ರೂ ನೋಡ್ಲಿಲ್ಲ. ದಾರೀಲಿ ನಾಯಿ ಸತ್ರೂ ಯಾರಾದ್ರೂ ತಿರುಗಿ ನೋಡ್ತಾರೆ. ಯಾರ ಕಣ್ಣಿಗೂ ಬೀಳದೆ ಹೋದ್ರಲ್ಲ, ಅದಕ್ಕೇ ವಾಪಸ್ ಬರ್ತಿದ್ದಾರೆ. ಬರ್ಲಿ ಬಿಡಿ."

ಟೆಸ್‌ಗೆ ಈ ಕೇಸು ಬಗೆಹರಿದರೆ ಈ ಹೆಂಗಸಿನ ಪಾಲಿಗೆ ಗಂಡ ಎರಡನೇ ಸಲ ಸಾಯುತ್ತಾನೆ ಎನ್ನುವುದು ಚೆನ್ನಾಗಿ ಅರ್ಥವಾಯಿತು.

ಮರುದಿನದಿಂದ ಸದಸ್ಯರ ವಿಚಾರಣೆ. ವರ್ಲಿನ್ ಸತ್ತ ದಿನ ಏನು ಕಂಡಿರಿ ಎಂದರೆ ಎಲ್ಲರದ್ದೂ ಒಂದೇ ರಾಗ: ಗೆರೆ ಮೇಲೆ ನಿಂತವರು ದೀಪ ಬಿಟ್ಟು ಬೇರೇನೂ ನೋಡೋದಿಲ್ಲ. ನಾಡೀನ್ ಕೂಡ ಗಡಿಯಾರದ ಹಲಗೆ ನೋಡುತ್ತಿದ್ದಳಂತೆ. ಕೊನೆಗೆ ಬಂದವನು ದನದ ಮೇವಿನ ಅಂಗಡಿಯ ಓರಿನ್ ಡಾಲ್ಕಿ. ಕ್ಲಬ್ಬಿನ ಅತಿ ವೇಗದ ಹೊಡೆತ ಇವನದ್ದೇ. ಅಲ್ಲಿನ ಗೋಡೆಯ ಮೇಲೆ ಇವನ ಹೆಸರಿನ ಹಿತ್ತಾಳೆ ಫಲಕವಿದೆ.

"ಅವತ್ತು ನೀವು ಯಾವ ಸಾಲು?"

"ಮೂರು. ವರ್ಲಿನ್‌ಗೂ ನಂಗೂ ಪಂದ್ಯ."

"ಅವರು ಬಿದ್ದದ್ದು?"

"ನೋಡ್ಲಿಲ್ಲ. ದೀಪ ನೋಡ್ತಿದ್ದೆ." ಓರಿನ್ ಟೋಪಿಯ ಅಂಚು ಸವರಿದ. "ಮೊದಲು ಟೋಪಿ ಬಿತ್ತು. ಆಮೇಲೆ ಮಂಡಿ ಊರಿದ."

ಕ್ಲೀಟ್ ಬರೆಯುತ್ತಲೇ ಇದ್ದ. ಟೆಸ್ ಅವನ ಹಾಳೆಯ ಕೊನೆಯ ಎರಡು ವಾಕ್ಯಗಳ ಕೆಳಗೆ ಬೆರಳಿಂದ ಗೆರೆ ಎಳೆದು, "ಸರಿ, ಹೊರಡಿ," ಎಂದಳು. ಅವನು ಬಾಗಿಲು ದಾಟಿದ ಮೇಲೆ ನಾಡೀನ್‌ಗೆ ಫೋನ್ ಮಾಡಿದಳು. "ಈ ಶನಿವಾರ ಮೊದಲ ಸುತ್ತು ವರ್ಲಿನ್ ಹೋದ ದಿನ ಹಾಕಿದ ಹಾಗೇ ಹಾಕು. ಅದೇ ಜೋಡಿ, ಅದೇ ಸಾಲು. ಅವನ ಹೆಸರೂ ಕೂಗು."

"ಆರ್ಡಿತ್ ಅಲ್ಲೇ ಇರ್ತಾಳಲ್ಲ."

"ಗೊತ್ತು."

ಶನಿವಾರ ಬೆಳಿಗ್ಗೆಯೂ ನಾಲ್ಕನೇ ತಟ್ಟೆಯ ಮೇಲೆ ಹೊಸ ಗುರುತಿತ್ತು. ಮೂವರು ಗೆರೆಗೆ ಬಂದು ನಿಂತರು. ನಾಡೀನ್ ಕೂಗಿದಳು: "ನಾಲ್ಕನೇ ಸಾಲು, ವರ್ಲಿನ್ ಕೋಲ್‌ಸ್ಟಡ್." ಗಾಳಿ ಕೂಡ ಕಿವಿಗೊಟ್ಟಂತೆ ಒಂದು ಕ್ಷಣ ಅಡಗಿತು. ಅವಳು "ಸಿದ್ಧ" ಎಂದಳು.

ದೀಪ ಹತ್ತಿತು. ಒಂದನೇ, ಎರಡನೇ ಸಾಲಿನವರ ರಿವಾಲ್ವರುಗಳು ಸಿಡಿದವು. ಮೂರನೇ ಸಾಲಿನ ಓರಿನ್‌ನ ಕೈ ಸೊಂಟಕ್ಕೆ ಹೋಗಲೇ ಇಲ್ಲ. ಅವನ ಕತ್ತು ನಾಲ್ಕನೇ ಸಾಲಿನ ಖಾಲಿ ಜಾಗದ ಕಡೆ ತಿರುಗಿತ್ತು.

ಟೆಸ್ ಹತ್ತಿರ ಹೋದಳು. "ಗನ್ ಎಲ್ಲಿ, ಓರಿನ್?"

"ಟ್ರಕ್ಕಿನಲ್ಲಿದೆ. ಸೀಟಿನ ಹಿಂದೆ." ತಡವರಿಸದೆ ಹೇಳಿದ. ಇಷ್ಟು ದಿನ ಯಾರಾದರೂ ಕೇಳಲಿ ಎಂದು ಕಾದಿದ್ದವನ ಹಾಗಿತ್ತು.

ಹಳೆಯ ಅಂಗಿಯಲ್ಲಿ ಸುತ್ತಿಟ್ಟಿದ್ದ ರಿವಾಲ್ವರನ್ನು ಪಂಚರ ಎದುರು ವಶಪಡಿಸಿಕೊಂಡರು. ಕೈಗೆ ಕೋಳ ಹಾಕಿದ ಮೇಲೆ ಅವನು ತಾನಾಗಿಯೇ ಬಾಯಿಬಿಟ್ಟ.

"ಟೋಪಿ ಬಿದ್ದದ್ದು ಕಂಡೆ. ತಿರುಗಿದೆ, ಅವನು ಮಂಡಿ ಊರಿದ್ದ. ಅಷ್ಟರಲ್ಲಿ ದೀಪ ಬಂತು, ಕೈ ಗನ್ನಿಗೆ ಹೋಯ್ತು. ಹೊಡೆದ ಮೇಲೂ ಮೊದಲು ನೋಡಿದ್ದು ಗಡಿಯಾರಾನ. ಜೀವಮಾನದಲ್ಲೇ ಅಷ್ಟು ವೇಗ ಹೊಡೆದಿರ್ಲಿಲ್ಲ. ಗೋಡೆ ಮೇಲಿರೋದು ಅದೇ ಹೊಡೆತ."

"ಗನ್ ಯಾಕೆ ಕದ್ದಿರಿ?"

"ಅವನ ಜಾಗದಲ್ಲಿ, ಅವನ ಗನ್ನಲ್ಲೇ ನನ್ನ ಆ ದಾಖಲೇನ ಮುರೀಬೇಕು ಅಂತ. ಒಂದೇ ಒಂದು ಸಲ ನಾನು ಅವನಿಗೆ ಸೋತ್ರೆ ಸಾಕಿತ್ತು. ಆಗ್ತಾನೇ ಇಲ್ಲ."

ಕ್ಲೀಟ್ ಪೆನ್ನು ಎತ್ತಿ ಹಿಡಿದ. "ಕಾರಣ ಅಂತ ಏನ್ ಬರೀಲಿ, ಮೇಡಂ?"

"ಅವರು ಹೇಳಿದ್ದನ್ನೇ ಬರಿ."

ಅಷ್ಟರಲ್ಲಿ ಆರ್ಡಿತ್ ಎದ್ದು ಬಂದಳು. ಟೆಸ್ ಅಡ್ಡ ನಿಲ್ಲಲು ಹೋಗಿ, ಅವಳ ಮುಖ ನೋಡಿ ದಾರಿ ಬಿಟ್ಟಳು.

"ಅವರ ಕಣ್ಣು ತೆರೆದಿತ್ತಾ?" ಆರ್ಡಿತ್ ಓರಿನ್‌ನನ್ನು ಕೇಳಿದಳು.

ಅವನು ನೆಲ ನೋಡಿದ. "ತೆರೆದಿತ್ತು."

"ಯಾವ ಕಡೆ ನೋಡ್ತಿದ್ರು?"

"ನನ್ನ ಕಡೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವನಿಗೆ ಹೊಡೆಯುತ್ತಾಳೆಂದೇ ಕ್ಲೀಟ್ ಎಣಿಸಿದ್ದ.

"ಹಾಗಾದ್ರೆ ಅವರು ಒಬ್ಬರೇ ಇರ್ಲಿಲ್ಲ," ಎಂದಳು ಕೊನೆಗೆ.

ಹಿಂತಿರುಗಿ ಹೋಗಿ, ಗಂಡನ ಲೋಟದಲ್ಲಿ ಆರಿಹೋಗಿದ್ದ ಕಾಫಿಯನ್ನು ಹುಲ್ಲಿಗೆ ಚೆಲ್ಲಿ, ಫ್ಲಾಸ್ಕಿನಿಂದ ಬಿಸಿ ಕಾಫಿ ಬಗ್ಗಿಸಿ ತಂದಳು. ಟೆಸ್ ಓರಿನ್‌ನ ಒಂದು ಕೈಯ ಕೋಳ ಬಿಚ್ಚಿದಳು. ಅವನು ಕುಡಿದು ಮುಗಿಸುವವರೆಗೂ ಆರ್ಡಿತ್ ಎದುರಿಗೇ ನಿಂತಿದ್ದಳು. ಆಮೇಲೆ ಲೋಟ ಇಸಿದುಕೊಂಡು ಹೋಗಿ, ನಾಲ್ಕನೇ ಸಾಲಿನ ಹಿಂದಿದ್ದ ಕುರ್ಚಿಯನ್ನು ಮಡಚಿ ಕಾರಿನಲ್ಲಿಟ್ಟಳು.