ಆರೆಳೆಯ ತಂತಿ

"ನಿಮ್ಮ ಕಾರ್ಡನ್ನ ಕಾಗದ ಹಾಕೋ ಕಿಂಡಿಯಿಂದ ಒಳಗೆ ತಳ್ಳಿ," ಎಂದಳು ನೊರೀನ್, ಮುಚ್ಚಿದ ಬಾಗಿಲಿನ ಹಿಂದಿನಿಂದ.

ಹೊರಗಿದ್ದವನು ತಳ್ಳಿದ. ಕಾರ್ಮ್ಯಾಕ್ ಲೂಬಿ, ಅಲಾರಂ ಜೋಡಣೆ ಎಂದಿತ್ತು. ಫೋಟೋದಲ್ಲಿ ಗಡ್ಡವಿರಲಿಲ್ಲ. ಬಾಗಿಲಿನ ಗಾಜುಕಣ್ಣಿನಲ್ಲಿ ಕಾಣುತ್ತಿದ್ದವನಿಗೆ ಕೆಂಚು ಗಡ್ಡವಿತ್ತು.

"ಇದು ನೀವಲ್ಲ."

"ನಾನೇ ಮೇಡಂ. ಗಡ್ಡ ಆಮೇಲೆ ಬಂತು. ನಮ್ಮಮ್ಮನಿಗೂ ಅದು ಹಿಡಿಸಿಲ್ಲ."

ಅವಳು ನಗಲಿಲ್ಲ. ಕಂಪನಿಗೆ ಫೋನ್ ಮಾಡಿ ವಿಚಾರಿಸುವವರೆಗೆ ಕಾಯಬೇಕೆಂದಳು. ಕಚೇರಿಯವರು ಫೋನ್ ಎತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಪರದೆಯ ಅಂಚಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ವ್ಯಾನಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಒಮ್ಮೆ ಅವನ ಕಣ್ಣು ಕಿಟಕಿಯತ್ತ ಬಂತು. ಪರದೆ ಅಲುಗಿದ್ದು ಕಂಡಿರಬೇಕು, ಕೂಡಲೇ ಸಮುದ್ರದ ಕಡೆಗೆ ತಿರುಗಿ ಕೂತುಬಿಟ್ಟ. ಅವನು ಬೇಕೆಂದೇ ಹಾಗೆ ತಿರುಗಿದ್ದು ನೊರೀನ್‌ಗೆ ಗೊತ್ತಾಯಿತು.

ಕಡಲತೀರದ ಯೋಲ್ ಊರಿನ ಔಷಧದಂಗಡಿಯಲ್ಲಿ ನೊರೀನ್ ಹೆಗಾರ್ಟಿಗೆ ಒಂಬತ್ತು ವರ್ಷದ ಕೆಲಸ. ಐದು ವಾರದಿಂದ ಅವಳು ಕೆಲಸಕ್ಕೆ ಹೋಗಿರಲಿಲ್ಲ, ಅಂಗಳ ದಾಟಿರಲೂ ಇಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಜ್ವರದಲ್ಲಿ ಮಲಗಿದ್ದಾಗ, ಯಾರೋ ಹಿತ್ತಲ ಬಾಗಿಲು ಮುರಿದು ಒಳಗೆ ಬಂದಿದ್ದರು. ತಾಯಿಯ ಉಂಗುರ, ಲ್ಯಾಪ್‌ಟಾಪ್ ಹೋದವು. ಕಳ್ಳ ಸಿಗಲಿಲ್ಲ. "ಮನೆ ಪರಿಚಯ ಇದ್ದವರೇ ಇರಬಹುದು," ಎಂದು ಪೊಲೀಸರು ಹೇಳಿ ಹೋಗಿದ್ದರು. ಅವತ್ತಿನಿಂದ ಅಂಚೆಯವನ ಹೆಜ್ಜೆ ಕೇಳಿದರೂ ಅವಳು ಬಾಗಿಲ ಚಿಲಕವನ್ನು ಮತ್ತೆ ನೋಡಿಬರುತ್ತಿದ್ದಳು.

ಬಂದವನು ತಮ್ಮವನೇ ಎಂದು ಕಚೇರಿಯವರು ಹೇಳಿದ ಮೇಲೆ ಅವಳು ಬಾಗಿಲು ತೆರೆದಳು. ಕಾರ್ಮ್ಯಾಕ್ ಹಾಲಿನ ಮೂಲೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ಚಲನೆ ಹಿಡಿಯುವ ಸೆನ್ಸರ್ ಕೂರಿಸಿದ. ಅದರ ತಂತಿಯನ್ನು ಗೋಡೆಯಂಚಿನಲ್ಲಿ ಇಳಿಸಿ, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಗೆ ಎಳೆದ. ಅಲಾರಂ ಪ್ಯಾನೆಲ್ ಇದ್ದದ್ದು ಅಲ್ಲಿ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಹೊಸ ಚಿಲಕವಿತ್ತು. ಅದನ್ನು ನೋಡಿ ಅವನು ಮತ್ತೆ ತಂತಿಯತ್ತ ತಿರುಗಿದ.

"ಜೋಡಿಸಿದವರಿಗೆ ಬಿಚ್ಚೋದೂ ಗೊತ್ತಿರುತ್ತೆ, ಅಲ್ವಾ?" ಎಂದಳು ಅವಳು, ನಾಲ್ಕು ಹೆಜ್ಜೆ ದೂರದಿಂದ.

ಅವನು ಸ್ವಲ್ಪ ಯೋಚಿಸಿದ. "ಗೊತ್ತಿರುತ್ತೆ. ಹಾಗಾದ್ರೆ ನೀವೇ ಜೋಡಿಸಿ. ನಾನು ಹೇಳ್ತೀನಿ." ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದ.

ನೊರೀನ್ ಒಳಗೆ ಹೋಗಿ ಕೂತಳು. ಅವನು ಹಾಲಿನಿಂದಲೇ ಹೇಳಿಕೊಟ್ಟ. "ತಂತಿಯೊಳಗೆ ಆರು ಎಳೆ ಇವೆ. ಕೆಂಪು, ಕಪ್ಪು ಕರೆಂಟಿಗೆ. ಹಳದಿ, ನೀಲಿ ಯಾರಾದ್ರೂ ಓಡಾಡಿದ್ರೆ ಸುದ್ದಿ ಹೇಳೋಕೆ. ಹಸಿರು, ಬಿಳಿ ಯಾರಾದ್ರೂ ಸೆನ್ಸರನ್ನೇ ಬಿಚ್ಚೋಕೆ ಹೋದ್ರೆ ಕೂಗೋಕೆ."

"ತನಗೇನಾದ್ರೂ ಆದ್ರೆ ಕೂಗೋಕೂ ಒಂದು ದಾರಿ ಇದೆ ಅನ್ನಿ. ಈ ಸೆನ್ಸರ್ ಪುಣ್ಯ ಮಾಡಿದೆ."

"ಎಳೆಗಳು ತುಂಬಾ ಸಣ್ಣ, ಹುಷಾರು."

"ದಿನಾ ಸಾವಿರ ಮಾತ್ರೆ ಎಣಿಸೋ ಕೈ ಇದು. ನೀವು ಬಣ್ಣ ಹೇಳಿ ಸಾಕು."

ಅವನು ಗಡ್ಡದೊಳಗೆ ನಕ್ಕ. ಆ ನಗು ಅವಳಿಗೆ ಕಂಡಿತು. ತಾನು ಅದನ್ನು ನೋಡಿದ್ದು ಅವನಿಗೂ ಗೊತ್ತಾಯಿತೆಂದು ತಿಳಿದು, ತಲೆ ತಗ್ಗಿಸಿ ಹಸಿರು ಎಳೆಯನ್ನು ಹುಡುಕತೊಡಗಿದಳು.

ಆರೂ ಎಳೆಗಳು ತಮ್ಮ ತಮ್ಮ ಜಾಗ ಸೇರಿದವು. ಅವನು ಹೇಳಿದಂತೆ ಬ್ಯಾಟರಿ ಸಿಕ್ಕಿಸಿ, ಸ್ವಿಚ್ ಹಾಕಿ, ಪ್ಯಾನೆಲ್ ಮುಚ್ಚಳ ಒತ್ತಿದಳು. ಸರಿಯಾಗಿ ಬಿಗಿಯದ ಬಿಳಿ ಎಳೆ ಆ ಒತ್ತಡಕ್ಕೆ ಜಾರಿತು. ಯಾರೋ ತಂತಿ ಕತ್ತರಿಸಿದರೆಂದುಕೊಂಡು ಪ್ಯಾನೆಲ್ ಇಡೀ ಮನೆ ಅದುರುವಂತೆ ಸೈರನ್ ಊದಿತು.

ಮುಂದಿನದು ಅವಳು ಯೋಚಿಸಿ ಮಾಡಿದ್ದಲ್ಲ. ಬಾಗಿಲೆಳೆದು ಚಿಲಕ ಹಾಕಿ, ಕತ್ತಲಲ್ಲಿ ಮೊಣಕಾಲು ತಬ್ಬಿ ಮುದುಡಿದಳು.

"ನೊರೀನ್!" ಸೈರನ್ ದಾಟಿ ಅವನ ದನಿ ಬಂತು. "ನಾನು ಬಾಗಿಲು ಮುಟ್ಟಲ್ಲ. ನಿಮ್ಮ ಬಲಗಡೆ ಸ್ವಿಚ್ ಇದೆ, ಆರಿಸಿ. ಆಮೇಲೆ ಮುಚ್ಚಳ ತೆಗೆದು ಬ್ಯಾಟರಿಯ ಕಪ್ಪು ತಂತಿ ಎಳೀರಿ. ಇಲ್ಲಿ ಬೇರೆ ಯಾರೂ ಇಲ್ಲ. ನಾನು ಮುಂಬಾಗಿಲ ಕಡೆಗೇ ನೋಡ್ತಿದ್ದೀನಿ."

ಅದನ್ನೇ ಮತ್ತೆ ಹೇಳಿದ, ಮತ್ತೆ ಹೇಳಿದ, ದನಿಯಲ್ಲಿ ಅವಸರವಿಲ್ಲದೆ. ಐದನೆಯ ಸಲಕ್ಕೋ ಆರನೆಯದಕ್ಕೋ ಅವಳ ಕೈ ಸ್ವಿಚ್ಚಿಗೆ ಹೋಯಿತು. ಮುಚ್ಚಳ ತೆಗೆದು ತಂತಿ ಎಳೆದಳು.

ಮನೆ ನಿಶ್ಶಬ್ದವಾಯಿತು.

"ಆ ಕಳ್ಳ ಮಂಚದ ಹತ್ತಿರ ಬಂದು ನಿಂತಿದ್ದ," ಎಂದಳು ಬಾಗಿಲು ತೆರೆಯದೆ. "ನಾನು ಮಂಚದ ಕೆಳಗಿದ್ದೆ. ಬೂಟು ಮಾತ್ರ ಕಾಣ್ತಿತ್ತು. ಮೇಲೆ ಹಾಸಿಗೆ ಮುಟ್ಟಿ ನೋಡಿದ ಸದ್ದು ಕೇಳ್ತು. ಅದಿನ್ನೂ ಬೆಚ್ಚಗಿತ್ತು. ನಾನಲ್ಲೇ ಇದ್ದೀನಿ ಅಂತ ಅವನಿಗೆ ಗೊತ್ತಾಯ್ತು. ಅದನ್ನ ನಾನು ಪೊಲೀಸರಿಗೂ ಹೇಳಿಲ್ಲ."

ಹೊರಗಿನಿಂದ ಬಟ್ಟೆ ಸರಿದ ಸಣ್ಣ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಅವಳು ಚಿಲಕ ತೆಗೆದಾಗ, ಕಾರ್ಮ್ಯಾಕ್ ಹಾಲಿನ ಆ ತುದಿಯಲ್ಲಿ ನೆಲಕ್ಕೆ ಕೂತಿದ್ದ. ಬೂಟುಗಳನ್ನು ಬಿಚ್ಚಿ ಮುಂಬಾಗಿಲಾಚೆ ಇಟ್ಟಿದ್ದ. ಒಂದು ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

"ಅದನ್ನ ಹೊಲಿಯೋರು ಯಾರೂ ಇಲ್ವಾ?"

"ಸೂಜಿ ಇದೆ. ಧೈರ್ಯ ಇಲ್ಲ."

ಐದು ವಾರದ ನಂತರ ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು.

ಬಿಳಿ ಎಳೆಯನ್ನು ಅವಳೇ ಬಿಗಿದು ಎಳೆದು ನೋಡಿದಳು. ಈ ಸಲ ಕದಲಲಿಲ್ಲ. ಕರೆಂಟು ಕೊಟ್ಟು ಹಾಲಿನಲ್ಲಿ ನಡೆದಾಗ ಸೆನ್ಸರಿನ ಕೆಂಪು ದೀಪ ಹೊತ್ತಿತು, ನಿಂತಾಗ ಆರಿತು.

"ಇದು ಕಳ್ಳನನ್ನ ತಡೆಯುತ್ತಾ?"

"ಇಲ್ಲ. ಕೂಗುತ್ತೆ, ಅಷ್ಟೇ. ಸುಳ್ಳು ಹೇಳಿ ಮಾರೋಕೆ ನನಗೆ ಬರಲ್ಲ."

ಹೊಸ್ತಿಲಲ್ಲಿ ಬೂಟಿನ ದಾರ ಕಟ್ಟುತ್ತ ಅವನು ತಲೆಯೆತ್ತದೆ ಹೇಳಿದ: "ನಿಮ್ಮ ಜೊತೆ ಒಂದು ಟೀ ಕುಡೀಬೇಕು ಅಂತ ಆಸೆ ಇದೆ. ಆದ್ರೆ ಕೇಳಲ್ಲ. ನಿಮ್ಮ ಮನೆ ತಂತಿ ಎಲ್ಲೆಲ್ಲಿದೆ ಅಂತ ಗೊತ್ತಿರೋ ಗಂಡಸು ಹಾಗೆ ಕೇಳಬಾರದು. ಏನಾದ್ರೂ ಕೆಟ್ರೆ ಕಚೇರಿಗೆ ಹೇಳಿ, ಬೇರೆಯವರನ್ನ ಕಳಿಸ್ತಾರೆ."

"ಕೇಳಿದ ಹಾಗೇ ಆಯ್ತಲ್ಲ."

"ಆಯ್ತು, ಅಲ್ವಾ?" ಅವನ ಕಿವಿ ಗಡ್ಡದಷ್ಟೇ ಕೆಂಪಾಯಿತು. ಬೇಗಬೇಗ ವ್ಯಾನಿನತ್ತ ನಡೆದ.

ನೊರೀನ್ ಬಾಗಿಲು ಹಾಕಿದಳು. ಎರಡೂ ಚಿಲಕ ಹಾಕಿ ಬೆನ್ನು ಆನಿಸಿ ನಿಂತಳು. ಹೊರಗೆ ಎಂಜಿನ್ ಸದ್ದು ಶುರುವಾಯಿತು. ಆ ಸದ್ದು ದೂರವಾದರೆ ಮನೆ ಮತ್ತೆ ಹೇಗಿರುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಕಾಲಿಡುವುದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಚಿಲಕಗಳನ್ನು ಸರಿಸಿ, ಗೋಡೆಯ ಕೀಪ್ಯಾಡಿನಲ್ಲಿ ಅಲಾರಂ ಹಾಕುವ ಅಂಕಿ ಒತ್ತಿದಳು. ಅದು ಎಚ್ಚರಗೊಳ್ಳುವ ಮೊದಲು ಹೊರಡಲು ಮೂವತ್ತು ಸೆಕೆಂಡು. ಪ್ಯಾನೆಲ್ ಒಂದೊಂದಾಗಿ ಎಣಿಸತೊಡಗಿತು. ಕೋಟು ಎಲ್ಲಿದೆಯೋ ನೆನಪಾಗಲಿಲ್ಲ. ಹಾಗೆಯೇ ಹೊರಬಂದು ಬಾಗಿಲೆಳೆದುಕೊಂಡಳು. ಒಳಗಿನ ಎಣಿಕೆ ನಿಂತಿತು.

ಅಂಗಳದ ಗೇಟನ್ನು ಗಟ್ಟಿಯಾಗಿ ಹಿಡಿದು ನಿಂತಳು. ವ್ಯಾನ್ ಆಗಲೇ ರಸ್ತೆಗಿಳಿಯುತ್ತಿತ್ತು. ಅವಳು ಕೈ ಎತ್ತಿದಳು. ಅದು ನಿಂತಿತು, ಅವನು ಇಳಿದು ಬಂದ, ಎರಡು ಹೆಜ್ಜೆ ದೂರದಲ್ಲೇ ನಿಂತ.

"ನನಗೆ ಇನ್ನೂ ಹೆದರಿಕೆ ಇದೆ," ಎಂದಳು. "ನಾಳೆನೂ ಇರುತ್ತೆ."

"ಇರಲಿ."

"ದೂರ ಬೇಡ. ಆ ಮೂಲೆ ಅಂಗಡಿವರೆಗೆ. ನಾನು ಸಾಕು ಅಂದ ಕೂಡಲೇ ತಿರುಗಬೇಕು."

"ಸರಿ."

"ಮತ್ತೆ, ನೀನು ಸ್ವಲ್ಪ ನಿಧಾನ ನಡಿ."

ಅವನು ಮೊಣಕೈ ಚಾಚಿದ. ನೊರೀನ್ ಅವನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದಳು, ಆಮೇಲೆ ಇಡೀ ಮುಷ್ಟಿಯಲ್ಲಿ. ಅಂಗಡಿಯ ಮೂಲೆ ಬಂದಾಗ ಅವನು ನಿಂತು ಅವಳ ಮುಖ ನೋಡಿದ. ಅವಳು ಸಾಕು ಎನ್ನಲಿಲ್ಲ.